ಅಮ್ಮನ ಚೆಕಪ್ ದಿನವನ್ನು ಜೋಡಿಸಿಕೊಳ್ಳುವ ಬಗೆ

ಮೂರು ತಿಂಗಳಿಗೊಮ್ಮೆ ನಾನು ಶಾಲೆಗೆ ಒಂದು ಸಿ.ಎಲ್. ಹಾಕುತ್ತೇನೆ. ಆ ದಿನ ಪೂರ್ತಿ ಅಮ್ಮನದು. ಅವಳಿಗೆ ಈಗ 76 ವರ್ಷ. ಶುಗರ್ ಶುರುವಾಗಿ 19 ವರ್ಷ ಆಯಿತು. ಬಿಪಿ, ಥೈರಾಯ್ಡ್ ಆಮೇಲೆ ಬಂದು ಸೇರಿಕೊಂಡವು. ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಅಪ್ಪ ಪೋಸ್ಟ್‌ಮನ್ ಆಗಿದ್ದರು. ಅವರು ಹೋದ ಮೇಲೆ ಅಮ್ಮನಿಗೆ ಫ್ಯಾಮಿಲಿ ಪೆನ್ಶನ್ ಬರುತ್ತಿದೆ. ಹಾಗಾಗಿ ನವೆಂಬರಿನ ಚೆಕಪ್ ದಿನಕ್ಕೆ ಪೋಸ್ಟ್ ಆಫೀಸಿನ ಕೆಲಸವೂ ಸೇರುತ್ತದೆ. ವರ್ಷಕ್ಕೊಮ್ಮೆ ಮಾಡಿಸುವ ಕಣ್ಣಿನ ಪರೀಕ್ಷೆಯೂ ಅದೇ ದಿನ.

ಒಂದೇ ದಿನದಲ್ಲಿ ಇಷ್ಟೆಲ್ಲ ಆಗುತ್ತಾ ಅಂತ ತುಂಬ ಜನ ಕೇಳುತ್ತಾರೆ. ಆಗುತ್ತದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಸರಿಯಾಗಿರಬೇಕು. ಮೊದಲೆಲ್ಲ ನಾನು ಡಾಕ್ಟರ ಸಮಯ, ಆಫೀಸಿನ ಸಮಯ ನೋಡಿ ದಿನ ಜೋಡಿಸುತ್ತಿದ್ದೆ. ಅದರಿಂದ ಅಮ್ಮ ಸೋತುಹೋಗುತ್ತಿದ್ದಳು. ಈಗ ಅವಳ ಹೊಟ್ಟೆ ಮತ್ತು ಕಣ್ಣಿನ ಸಮಯ ನೋಡಿ ಜೋಡಿಸುತ್ತೇನೆ. ಖಾಲಿ ಹೊಟ್ಟೆಯಲ್ಲಿ ಆಗಬೇಕಾದದ್ದು ಮೊದಲು. ಓದುವ, ಸಹಿ ಹಾಕುವ ಕೆಲಸ ನಡುವೆ. ಕಣ್ಣಿನ ಪರೀಕ್ಷೆ ಕೊನೆಗೆ. ಸಂಜೆ ಡಾಕ್ಟರು. ಮತ್ತೆ ನಡುವೆ ಎರಡು ಗಂಟೆ ಖಾಲಿ ಬಿಡಬೇಕು. ಆ ಎರಡು ಗಂಟೆಯ ಬಗ್ಗೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹಿಂದಿನ ರಾತ್ರಿ

ಊಟ ರಾತ್ರಿ ಎಂಟೂವರೆಗೆ ಮುಗಿಯಬೇಕು. ಖಾಲಿ ಹೊಟ್ಟೆ ಶುಗರ್‌ಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ನಮಗೆ 11 ಗಂಟೆ ಆಗುತ್ತದೆ, ಅದು ಸಾಕು. ಇನ್ನೂ ಜಾಸ್ತಿ ಹೊತ್ತು ಉಪವಾಸ ಇದ್ದರೆ ಒಳ್ಳೆಯದು ಅಂದುಕೊಂಡು ಸಂಜೆ ಆರಕ್ಕೇ ಊಟ ಮುಗಿಸುವವರಿದ್ದಾರೆ. ವಯಸ್ಸಾದವರಿಗೆ ಅದು ಬೇಡ. ನೀರು ಕುಡಿಯಬಹುದು, ಕುಡಿಯಲೇಬೇಕು. ನೀರು ಕುಡಿಯದೆ ಬಂದರೆ ರಕ್ತನಾಳ ಸಿಗುವುದು ಕಷ್ಟ. ಒಂದು ಸಲ ಅಮ್ಮನಿಗೆ ಮೂರು ಕಡೆ ಚುಚ್ಚಬೇಕಾಯಿತು. ಆವತ್ತಿನಿಂದ ಬೆಳಿಗ್ಗೆ ಎದ್ದ ತಕ್ಷಣ ಎರಡು ಲೋಟ ಬೆಚ್ಚನೆಯ ನೀರು ಕೊಡುತ್ತೇನೆ.

ಮಾತ್ರೆಗಳ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿಕೊಳ್ಳಿ. ನಮಗೆ ಹೇಳಿರುವುದು ಹೀಗೆ. ಬಿಪಿ ಮಾತ್ರೆ ಎಂದಿನ ಹಾಗೆ ಬೆಳಿಗ್ಗೆ ಒಂದು ಗುಟುಕು ನೀರಿನ ಜೊತೆ. ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಡುವ ದಿನ ಆ ಮಾತ್ರೆ ರಕ್ತ ಕೊಟ್ಟ ಮೇಲೆ. ಶುಗರ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ, ತಿಂಡಿಯ ಜೊತೆಯೇ. ಈ ಎರಡು ಮಾತ್ರೆಗಳನ್ನು ಬೇರೆ ಬೇರೆ ಕಾಗದದಲ್ಲಿ ಕಟ್ಟಿ, ಮೇಲೆ ದಪ್ಪಕ್ಷರದಲ್ಲಿ ಬರೆದು ನನ್ನ ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ.

ಬ್ಯಾಗಿನಲ್ಲಿ ಇರಬೇಕಾದವು: ಹಳೆಯ ರಿಪೋರ್ಟುಗಳ ಫೈಲು, ಹೊಸದು ಮೇಲೆ, ಹಳೆಯದು ಕೆಳಗೆ. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್, ಯಾಕೆಂದರೆ ಚೀಟಿಯಲ್ಲಿರುವ ಹೆಸರೇ ಬೇರೆ, ಅಂಗಡಿಯವರು ಕೊಟ್ಟಿರುವ ಹೆಸರೇ ಬೇರೆ ಇರುತ್ತದೆ. ಆಧಾರ್ ಕಾರ್ಡ್. ಇದು ಬಸ್ಸಿಗೂ ಬೇಕು, ಪೋಸ್ಟ್ ಆಫೀಸಿಗೂ ಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮಿಬ್ಬರಿಗೂ ಸಿಟಿ ಬಸ್ಸು ಉಚಿತ. ಹೋಗುವಾಗ ಬಸ್ಸಿನಲ್ಲೇ ಹೋಗುತ್ತೇವೆ, ಉಳಿದ ದುಡ್ಡು ಆಟೋಗೆ ಆಗುತ್ತದೆ. ಒಂದು ಚಿಕ್ಕ ಡಬ್ಬಿಯಲ್ಲಿ ಸಕ್ಕರೆ, ಒಂದು ಚಮಚ. ಕಪ್ಪು ಕನ್ನಡಕ, ಒಂದು ಅಗಲವಾದ ಟೋಪಿ ಅಥವಾ ಕೊಡೆ. ಒಂದು ಪೆನ್ನು, ಮಡಚಿದ ಒಂದು ಬಿಳಿ ಹಾಳೆ. ಈ ಹಾಳೆಯನ್ನು ಮರೆಯಬೇಡಿ.

ಬಟ್ಟೆಯ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ರವಿಕೆಯ ತೋಳು ಸಡಿಲವಾಗಿರಲಿ. ಬೆಳಿಗ್ಗೆ ರಕ್ತ ತೆಗೆಯುವಾಗಲೂ, ಸಂಜೆ ಬಿಪಿ ನೋಡುವಾಗಲೂ ತೋಳು ಮೇಲಕ್ಕೆ ಹೋಗಬೇಕು. ಬಿಗಿ ತೋಳನ್ನು ಸುರುಳಿ ಸುತ್ತಿ ಮೇಲೆತ್ತಿದರೆ ಅದೇ ಒಂದು ಕಟ್ಟಿನ ಹಾಗೆ ಆಗಿ ಬಿಪಿ ಸರಿಯಾಗಿ ಗೊತ್ತಾಗುವುದಿಲ್ಲ. ನವೆಂಬರಿನ ಚಳಿಗೆ ಸ್ವೆಟರ್ ಬೇಕೇ ಬೇಕು ಅಂದರೆ ಮುಂದೆ ಗುಂಡಿ ಇರುವುದನ್ನು ಹಾಕಿಸಿ.

ಮೊದಲ ತುತ್ತು ಬಾಯಿಗಿಟ್ಟ ಹೊತ್ತು

ಧನ್ವಂತರಿ ರಸ್ತೆಯ ಕಡೆ ಲ್ಯಾಬುಗಳು ಬೆಳಿಗ್ಗೆ ಬೇಗ ತೆರೆಯುತ್ತವೆ. ಏಳೂಕಾಲಿಗೆ ಅಲ್ಲಿದ್ದರೆ ಏಳೂವರೆಗೆ ರಕ್ತ ಕೊಟ್ಟು ಮುಗಿಯುತ್ತದೆ. ಯಾವ ಯಾವ ಪರೀಕ್ಷೆ ಅಂತ ಚೀಟಿ ಕೊಡುವಾಗಲೇ ಒಂದು ಸಲ ಬಾಯಿಬಿಟ್ಟು ಹೇಳಿ: ಖಾಲಿ ಹೊಟ್ಟೆ ಶುಗರ್, ತಿಂಡಿ ಆದ ಮೇಲಿನ ಶುಗರ್, ಎಚ್‌ಬಿಎ1ಸಿ, ಕ್ರಿಯಾಟಿನಿನ್, ಥೈರಾಯ್ಡಿಗೆ ಟಿಎಸ್‌ಎಚ್, ಮೂತ್ರದಲ್ಲಿ ಅಲ್ಬುಮಿನ್. ಎಚ್‌ಬಿಎ1ಸಿ ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ. ಅದಕ್ಕೆ ಉಪವಾಸ ಬೇಕಿಲ್ಲ. ಆದರೂ ಅದೇ ಚುಚ್ಚಿನಲ್ಲಿ ತೆಗೆದುಬಿಟ್ಟರೆ ಅಮ್ಮನಿಗೆ ಇನ್ನೊಂದು ಸಲ ನೋವಿಲ್ಲ. ಕ್ರಿಯಾಟಿನಿನ್ ಮತ್ತು ಅಲ್ಬುಮಿನ್ ಕಿಡ್ನಿಗೆ. ಇವೆರಡನ್ನೂ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ತುಂಬ ಮನೆಗಳಲ್ಲಿ ಬರೀ ಶುಗರ್ ನೋಡಿ ಸುಮ್ನಾಗುತ್ತಾರೆ.

ಈಗ ತಿಂಡಿ. ಇಲ್ಲೇ ಎಲ್ಲರೂ ತಪ್ಪು ಮಾಡುವುದು, ನಾನೂ ಎರಡು ಮೂರು ವರ್ಷ ತಪ್ಪು ಮಾಡಿದೆ. ತಿಂಡಿ ಆದ ಮೇಲಿನ ಶುಗರ್‌ಗೆ ಎರಡು ಗಂಟೆ ಅಂದರೆ, ತಿಂದು ಕೈ ತೊಳೆದ ಮೇಲಿನ ಎರಡು ಗಂಟೆ ಅಲ್ಲ. ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಎರಡು ಗಂಟೆ. ಅಮ್ಮ ನಿಧಾನವಾಗಿ ತಿನ್ನುತ್ತಾಳೆ, ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯ ವ್ಯತ್ಯಾಸಕ್ಕೆ ರಿಪೋರ್ಟಿನ ಅಂಕಿ ಬದಲಾಗುತ್ತದೆ, ಅದನ್ನು ನೋಡಿ ಮಾತ್ರೆ ಬದಲಾಗುತ್ತದೆ. ಅವಳು ಮೊದಲ ತುತ್ತು ಎತ್ತಿದ ಕೂಡಲೇ ನಾನು ಬಿಳಿ ಹಾಳೆಯ ಮೂಲೆಯಲ್ಲಿ ಸಮಯ ಬರೆಯುತ್ತೇನೆ. ಈ ಸಲ 7.40.

ತಿಂಡಿ ಮನೆಯದೇ ಇರಲಿ. ದಿನಾ ಏನು ತಿನ್ನುತ್ತಾರೋ ಅದೇ, ಅಷ್ಟೇ. ನಾನು ಉಪ್ಪಿಟ್ಟು ಡಬ್ಬಿಗೆ ಹಾಕಿಕೊಂಡು ಹೋಗುತ್ತೇನೆ, ಫ್ಲಾಸ್ಕಿನಲ್ಲಿ ಸಕ್ಕರೆ ಇಲ್ಲದ ಕಾಫಿ. ಆವತ್ತು ಒಂದು ದಿನ ಕಮ್ಮಿ ತಿಂದರೆ ಶುಗರ್ ಕಮ್ಮಿ ಬರುತ್ತದೆ, ಡಾಕ್ಟರು ಬೈಯುವುದಿಲ್ಲ ಅಂತ ಅಮ್ಮನ ಲೆಕ್ಕ. "ಸಾಕು ಪುಟ್ಟಿ, ಹೊಟ್ಟೆ ತುಂಬ್ತು" ಅಂತ ಅರ್ಧಕ್ಕೇ ಡಬ್ಬಿ ಮುಚ್ಚುತ್ತಾಳೆ. "ಅಮ್ಮ, ಡಾಕ್ಟರು ನೋಡೋದು ಇವತ್ತಿನ ಒಂದು ದಿನ ಅಲ್ಲ. ನಿನ್ನ ದಿನಾದ ಮಾತ್ರೆ ನಿನ್ನ ದಿನಾದ ತಿಂಡಿಗೆ ಸಾಲುತ್ತಾ ಅಂತ ನೋಡೋದು" ಅಂತ ಪ್ರತಿ ಸಲ ಹೇಳುತ್ತೇನೆ. ಅದಕ್ಕೇ ಶುಗರ್ ಮಾತ್ರೆಯನ್ನೂ ತಪ್ಪಿಸಬಾರದು.

ಆ ಎರಡು ಗಂಟೆ

ಈ ಹೊತ್ತಿನಲ್ಲಿ ಬೇರೇನೂ ತಿನ್ನಬಾರದು. ಬಿರಬಿರನೆ ನಡೆಯಲೂ ಬಾರದು, ನಡೆದರೆ ಸಕ್ಕರೆ ಇಳಿದು ರಿಪೋರ್ಟು ಬೇರೆ ಆಗುತ್ತದೆ. ಲ್ಯಾಬಿನ ಕುರ್ಚಿಯಲ್ಲೇ ಕೂರಬಹುದು. ಆದರೆ ಅಲ್ಲಿ ಕೂತರೆ ಅಮ್ಮ ಬೇರೆಯವರ ಕಾಯಿಲೆ ಕೇಳಿ ಕೇಳಿ ಮಂಕಾಗುತ್ತಾಳೆ. ನಾವು ಆಟೋ ಹಿಡಿದು ದೊಡ್ಡ ಗಡಿಯಾರದ ಕಡೆ ಹೋಗುತ್ತೇವೆ, ನೆರಳು ನೋಡಿ ಕೂರುತ್ತೇವೆ.

ದೊಡ್ಡ ಗಡಿಯಾರ 1927ರಲ್ಲಿ ಕಟ್ಟಿಸಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ. ಅದರ ಮುಖದ ಮೇಲಿರುವುದು ಕನ್ನಡ ಅಂಕಿ. ಸಮಯಕ್ಕೆ ನನ್ನ ಫೋನಿದೆ. ಅಮ್ಮನಿಗೆ ಬೇಕಾದದ್ದು ಆ ಅಂಕಿಗಳು. ಪ್ರತಿ ಸಲವೂ ಒಂದೊಂದಾಗಿ ಓದುತ್ತಾಳೆ. ಸ್ಕೂಲಿನಲ್ಲಿ ೬ ಮತ್ತು ೯ ಅದಲುಬದಲು ಬರೆದು ಮೇಷ್ಟರ ಕೈಲಿ ಏಟು ತಿಂದದ್ದನ್ನು ಹೇಳುತ್ತಾಳೆ. ಹತ್ತು ಸಲ ಕೇಳಿದ್ದೇನೆ, ಹನ್ನೊಂದನೇ ಸಲವೂ ಕೇಳುತ್ತೇನೆ. ನನಗೆ ಇದರಲ್ಲಿ ಇನ್ನೊಂದು ಉಪಯೋಗವಿದೆ. ಮೂರು ತಿಂಗಳ ಹಿಂದೆ ಅಷ್ಟು ದೂರದಿಂದ ಓದಿದ್ದನ್ನು ಈ ಸಲ ಓದಲು ಕಣ್ಣು ಕಿರಿದು ಮಾಡಿದಳಾ, ತಲೆ ಓರೆ ಮಾಡಿದಳಾ ಅಂತ ನೋಡಿಕೊಳ್ಳುತ್ತೇನೆ.

ಮೊದಲು ನಾನು ಈ ಎರಡು ಗಂಟೆಯಲ್ಲಿ ಎಲ್ಲ ಕೆಲಸ ತುರುಕುತ್ತಿದ್ದೆ. ಮಿಕ್ಸಿ ಜಾರ್ ರಿಪೇರಿ, ಸೀರೆಗೆ ಫಾಲ್, ಗ್ಯಾಸ್ ಸ್ಟೋವಿನ ಪೈಪು. ಅಮ್ಮನನ್ನು ಒಂದು ಕಡೆ ಕೂರಿಸಿ ನಾನು ಓಡುತ್ತಿದ್ದೆ. ಈಗ ಒಂದೇ ಒಂದು ಕೆಲಸ ಇಟ್ಟುಕೊಳ್ಳುತ್ತೇನೆ, ಅದೂ ಅಮ್ಮನದೇ ಕೆಲಸ. ಯಾಕೆ ಅಂತ ಹೇಳುತ್ತೇನೆ.

ಅಮ್ಮ ಡಾಕ್ಟರ ಮುಂದೆ ಕೂತರೆ "ಏನೂ ಇಲ್ಲ ಡಾಕ್ಟ್ರೇ, ಚೆನ್ನಾಗಿದ್ದೀನಿ" ಅನ್ನುವವಳು. ಅವಳಿಗೆ ಅದು ಮರ್ಯಾದೆ. ಎದುರಿಗಿರುವವರಿಗೆ ತೊಂದರೆ ಕೊಡಬಾರದು ಅನ್ನುವ ಭಾವನೆ. ನಿಮ್ಮ ಮನೆಯಲ್ಲೂ ಹಾಗೇ ಅಲ್ವಾ? "ಏನಾದ್ರೂ ತೊಂದರೆ ಇದೆಯಾ ಅಮ್ಮ" ಅಂತ ನೇರವಾಗಿ ಕೇಳಿದರೆ ನಮಗೂ ಅದೇ ಉತ್ತರ. ಆದರೆ ಏನೂ ಕೇಳದೆ ಸುಮ್ನೆ ಪಕ್ಕದಲ್ಲಿ ಕೂತರೆ, ಅಂಕಿ, ಮೇಷ್ಟ್ರು, ಅಪ್ಪನ ಸೈಕಲ್ಲು, ಹೂವಿನ ರೇಟು ಎಲ್ಲ ಮುಗಿದ ಮೇಲೆ, ಎಲ್ಲೋ ಒಂದು ಮಾತು ಹೊರಗೆ ಬರುತ್ತದೆ.

ಕಳೆದ ನವೆಂಬರಿನಲ್ಲಿ ಹಾಗೇ ಆಯಿತು. ಆವತ್ತಿನ ಕೆಲಸ ಚಪ್ಪಲಿ ಹೊಲಿಸುವುದು. ಎಡಗಾಲಿನ ಚಪ್ಪಲಿ ಸಡಿಲವಾಗಿದೆ, ನಡೆಯುವಾಗ ಕಳಚಿಕೊಳ್ಳುತ್ತದೆ, ಉಂಗುಷ್ಟ ಬಿಗಿ ಮಾಡಿಸಬೇಕು ಅಂತ ಅಮ್ಮ ಹದಿನೈದು ದಿನದಿಂದ ಹೇಳುತ್ತಿದ್ದಳು. ರಸ್ತೆ ಬದಿಯಲ್ಲಿ ಕೂರುವ ಒಬ್ಬರು ಹಿರಿಯರ ಹತ್ತಿರ ಹೋದೆವು. ಅವರು ಚಪ್ಪಲಿಯನ್ನು ತಿರುಗಿಸಿ ನೋಡಿದರು. ಉಂಗುಷ್ಟದಲ್ಲಿ ಬೆರಳು ಹಾಕಿ ಎಳೆದರು. "ಅಮ್ಮಾ, ಇದು ಗಟ್ಟಿಯಾಗೇ ಇದೆಯಲ್ಲ, ಎರಡೂ ಒಂದೇ ಅಳತೆ ಇದೆ" ಅಂದರು. ದುಡ್ಡೂ ತೆಗೆದುಕೊಳ್ಳಲಿಲ್ಲ.

ಬಂದು ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಅಂದಳು: "ಕಳಚಿದ್ದು ಗೊತ್ತಾಗಲ್ಲ ಪುಟ್ಟಿ. ನಾಲ್ಕು ಹೆಜ್ಜೆ ಹೋದ ಮೇಲೆ ನೋಡ್ತೀನಿ, ಕಾಲಲ್ಲಿ ಇರಲ್ಲ."

ನಾನು ಅದನ್ನು ಅವಳ ಮಾತಿನಲ್ಲೇ ಬಿಳಿ ಹಾಳೆಯ ಮೇಲೆ ಬರೆದುಕೊಂಡೆ. ಮೆಲ್ಲಗೆ ಕೇಳಿದೆ. ರಾತ್ರಿ ಪಾದ ಉರಿಯುತ್ತದಂತೆ. ಹತ್ತಿಯ ಮೇಲೆ ನಡೆದ ಹಾಗೆ ಅನಿಸುತ್ತದಂತೆ. ಎಷ್ಟು ದಿನದಿಂದ? "ಮಳೆಗಾಲದಿಂದ." ಅಷ್ಟು ತಿಂಗಳು ನಾನು ಅದೇ ಮನೆಯಲ್ಲಿದ್ದೆ.

ಹಾಗಾಗಿ ನನ್ನ ಮಾತು ಇಷ್ಟೇ: ಆ ಎರಡು ಗಂಟೆಯನ್ನು ಕೆಲಸಕ್ಕೆ ಕೊಡಬೇಡಿ. ಫೋನ್ ಬ್ಯಾಗಿನಲ್ಲಿಡಿ. ಹಾಳೆ ಮತ್ತು ಪೆನ್ನು ಮಾತ್ರ ಕೈಗೆ ಸಿಗುವಂತಿರಲಿ. ಹೂವಿಗೆ ದೇವರಾಜ ಮಾರ್ಕೆಟ್ಟಿಗೆ ಹೋಗುವುದಿದ್ದರೆ ನಿಧಾನವಾಗಿ ಹೋಗಿ. ಒಂದು ಮಾರು ಮಲ್ಲಿಗೆ ಸಾಕು. ನಂಜನಗೂಡು ರಸಬಾಳೆ ಕಂಡರೆ ಅಮ್ಮ ನಿಲ್ಲುತ್ತಾಳೆ. ಕೊಂಡುಕೊಳ್ಳುತ್ತೇವೆ, ಮನೆಗೆ ಹೋಗಿ ಊಟಕ್ಕೆ ಅನ್ನ ಕಮ್ಮಿ ಮಾಡಿ ಒಂದು ಹಣ್ಣು ಅಂತ ಒಪ್ಪಂದ.

9.40ಕ್ಕೆ ಸರಿಯಾಗಿ ಎರಡನೇ ಸಲ ರಕ್ತ. ಐದು ಹತ್ತು ನಿಮಿಷ ಮೊದಲೇ ಲ್ಯಾಬಿಗೆ ಬಂದು "ನಮ್ಮದು 9.40ಕ್ಕೆ" ಅಂತ ಹೇಳಿ ಕೂರಿ. ಇಲ್ಲದಿದ್ದರೆ ಸರದಿಯಲ್ಲಿ ಇಪ್ಪತ್ತು ನಿಮಿಷ ಹೋಗಿಬಿಡುತ್ತದೆ.

ಸಹಿ ಮೊದಲು, ಕಣ್ಣಿಗೆ ಹನಿ ಆಮೇಲೆ

ಹತ್ತು ಗಂಟೆಗೆ ಪೋಸ್ಟ್ ಆಫೀಸು. ಪೆನ್ಶನ್ ತೆಗೆದುಕೊಳ್ಳುವವರು ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ, ಅಂದರೆ ಬದುಕಿದ್ದೇವೆ ಅನ್ನುವುದಕ್ಕೆ ದಾಖಲೆ, ಕೊಡಬೇಕು. ಕೇಂದ್ರ ಸರ್ಕಾರದ ಪೆನ್ಶನ್‌ದಾರರಲ್ಲಿ 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಇದೆ, ನೂಕುನುಗ್ಗಲು ತಪ್ಪುತ್ತದೆ. ಆಧಾರ್, ಪಿಪಿಒ (ಪೆನ್ಶನ್ ಆದೇಶದ) ನಂಬರ್, ಪೆನ್ಶನ್ ಬರುವ ಖಾತೆಯ ನಂಬರ್, ಒಟಿಪಿ ಬರುವ ಫೋನ್, ಇಷ್ಟು ಕೈಯಲ್ಲಿರಬೇಕು. ಅಮ್ಮನ ಬೆರಳು ಸವೆದುಹೋಗಿದೆ, ಮಷೀನಿನಲ್ಲಿ ಹೆಬ್ಬೆಟ್ಟು ಹತ್ತುವುದಿಲ್ಲ. ಒಂದು ವರ್ಷ ಹತ್ತು ಸಲ ಒತ್ತಿಸಿ ಅವಳು ಅಳುವ ಹಾಗಾಗಿತ್ತು. 2021ರಿಂದ ಮುಖ ತೋರಿಸಿ ಮಾಡುವ ವಿಧಾನ ಬಂದಿದೆ, ಮೊಬೈಲಿನಲ್ಲೂ ಆಗುತ್ತದೆ. ನಿಮ್ಮ ಮನೆಯ ಹಿರಿಯರಿಗೆ ನಡೆಯಲು ಕಷ್ಟವಾದರೆ ಮನೆಯಲ್ಲೇ ಮಾಡಿಬಿಡಿ. ಅಮ್ಮನಿಗೆ ಮಾತ್ರ ಪೋಸ್ಟ್ ಆಫೀಸಿಗೇ ಹೋಗಬೇಕು, ಪಾಸ್ ಬುಕ್ಕಿನಲ್ಲಿ ಎಂಟ್ರಿ ಹಾಕಿಸಬೇಕು. ಅಪ್ಪ ಕೆಲಸ ಮಾಡಿದ ಇಲಾಖೆ ಅಲ್ವಾ, ಆ ಗೋಂದಿನ ವಾಸನೆ ಅವಳಿಗೆ ಇಷ್ಟ.

ಈ ಕೆಲಸ ಕಣ್ಣಿನ ಪರೀಕ್ಷೆಗೆ ಮೊದಲೇ ಮುಗಿಯಬೇಕು ಅನ್ನುವುದಕ್ಕೆ ಕಾರಣವಿದೆ. ಶುಗರ್ ಇರುವವರಿಗೆ ಕಣ್ಣಿನ ಹಿಂಭಾಗದ ರೆಟಿನಾ ನೋಡಲು ಹನಿ ಹಾಕಿ ಪಾಪೆ ದೊಡ್ಡದು ಮಾಡುತ್ತಾರೆ. ಹನಿ ಕೆಲಸ ಮಾಡಲು 20ರಿಂದ 30 ನಿಮಿಷ. ಆಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಆಗ ಎಲ್ಲಿ ಸಹಿ ಹಾಕಬೇಕು ಅಂತ ಕಾಣುವುದಿಲ್ಲ, ನೋಟು ಎಣಿಸಲು ಆಗುವುದಿಲ್ಲ, ಮೆಟ್ಟಿಲು ತಪ್ಪುತ್ತದೆ. ಕಪ್ಪು ಕನ್ನಡಕ, ಕೊಡೆ ಇದಕ್ಕೇ. ನೀವೇ ಪರೀಕ್ಷೆಗೆ ಹೋಗುವವರಾದರೆ ಸ್ಕೂಟರ್ ತೆಗೆದುಕೊಂಡು ಹೋಗಬೇಡಿ. ಕಣ್ಣು ಚೆನ್ನಾಗಿ ಕಾಣುತ್ತಿದೆ, ಪರೀಕ್ಷೆ ಯಾಕೆ ಅನ್ನಲೂಬೇಡಿ. ರೆಟಿನಾದ ತೊಂದರೆ ಶುರುವಿನಲ್ಲಿ ಗೊತ್ತೇ ಆಗುವುದಿಲ್ಲ.

ಸಕ್ಕರೆ ಡಬ್ಬಿಯ ಮಾತು ಇಲ್ಲಿ ಬರುತ್ತದೆ. ಎರಡು ವರ್ಷದ ಹಿಂದೆ ಕಣ್ಣಿನ ಪರೀಕ್ಷೆ ತಡವಾಗಿ, ಎರಡೂವರೆ ಆದರೂ ಊಟ ಆಗಿರಲಿಲ್ಲ. ಅಮ್ಮ ಇದ್ದಕ್ಕಿದ್ದಂತೆ ಬೆವರಿದಳು, ಕೈ ನಡುಗಿತು, ಮಾತು ತೊದಲಿತು. ಶುಗರ್ ಇಳಿದಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದೆ. ಹದಿನೈದು ನಿಮಿಷಕ್ಕೆ ಸುಧಾರಿಸಿಕೊಂಡಳು. ಸುಧಾರಿಸದಿದ್ದರೆ ಇನ್ನೊಂದು ಸಲ ಅಷ್ಟೇ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಆಗ ತಕ್ಷಣ ಡಾಕ್ಟರೇ ಬೇಕು. ಈಗ ಹನ್ನೆರಡೂಮುಕ್ಕಾಲಾದರೆ ಪರೀಕ್ಷೆ ಆಗಿರಲಿ ಬಿಡಲಿ, ಡಬ್ಬಿಯಲ್ಲಿರುವ ಚಪಾತಿ ತೆಗೆದು ತಿನ್ನಿಸುತ್ತೇನೆ.

ಸಂಜೆ

ಮಧ್ಯಾಹ್ನ ಊಟ, ನಿದ್ದೆ. ಇದನ್ನು ತಪ್ಪಿಸಬೇಡಿ. ಆರು ಗಂಟೆಗೆ ಡಾಕ್ಟರ ಕ್ಲಿನಿಕ್. ರಿಪೋರ್ಟು ಅಷ್ಟರಲ್ಲಿ ಫೋನಿಗೆ ಬಂದಿರುತ್ತದೆ, ಆದರೂ ಒಂದು ಪ್ರಿಂಟ್ ಇರಲಿ.

ಬಿಪಿಗೆ ಮೊದಲು ಅರ್ಧ ಗಂಟೆ ಕಾಫಿ ಬೇಡ. ಬಾತ್‌ರೂಮಿಗೆ ಹೋಗಿ ಬರಲಿ. ಐದು ನಿಮಿಷ ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ ಕೂರಲಿ. ಪಟ್ಟಿ ಕಟ್ಟಿದಾಗ ಮಾತು ಬೇಡ. ಅಮ್ಮ ಸಿಸ್ಟರ್ ಹತ್ತಿರ ಅವರ ಮಗುವಿನ ಸುದ್ದಿ ಕೇಳುತ್ತಾ ಬಿಪಿ ನೋಡಿಸಿಕೊಳ್ಳುತ್ತಿದ್ದಳು. ಮಾತಾಡಿದರೆ ಬಿಪಿ ಏರುತ್ತದೆ. ಮೊದಲು ಬಿಪಿ, ಆಮೇಲೆ ಮಗುವಿನ ಸುದ್ದಿ ಅಂತ ಮಾಡಿಕೊಂಡಿದ್ದೇವೆ.

ಒಳಗೆ ಹೋದ ಕೂಡಲೇ ರಿಪೋರ್ಟಿಗೂ ಮೊದಲು ಬಿಳಿ ಹಾಳೆಯನ್ನು ಕೊಡಿ. ಮೂರು ವಿಷಯಕ್ಕಿಂತ ಜಾಸ್ತಿ ಬೇಡ, ದೊಡ್ಡದು ಮೊದಲು. ಕಳೆದ ನವೆಂಬರಿನಲ್ಲಿ ಮೊದಲ ಸಾಲು, "ಎಡಗಾಲಿನ ಚಪ್ಪಲಿ ಕಳಚಿದ್ದು ಗೊತ್ತಾಗುವುದಿಲ್ಲ". ಡಾಕ್ಟರು ಅದನ್ನು ಓದಿ ಅಮ್ಮನನ್ನು ಮಲಗಿಸಿ, ಒಂದು ತೆಳ್ಳನೆಯ ನೈಲಾನ್ ದಾರವನ್ನು ಪಾದದ ಅಲ್ಲಲ್ಲಿ ಮುಟ್ಟಿಸಿದರು. ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿದರು. ಎಡಪಾದದ ಮುಂಭಾಗದಲ್ಲಿ ನಾಲ್ಕು ಕಡೆ ಮುಟ್ಟಿಸಿದರು, ಅವಳು ಒಂದು ಕಡೆಯೂ "ಹ್ಞೂಂ" ಅನ್ನಲಿಲ್ಲ. ಅವಳಿಗೆ ಗೊತ್ತೇ ಆಗಿರಲಿಲ್ಲ. ಶುಗರ್‌ನಿಂದ ನರ ಮಂಕಾಗಿದೆ ಅಂದರು. ಗಾಯವಾದರೂ ನೋವು ಗೊತ್ತಾಗುವುದಿಲ್ಲ, ಅದೇ ಅಪಾಯ. ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು, ಹಿಂದೆ ಪಟ್ಟಿ ಇರುವ ಮೆತ್ತನೆಯ ಚಪ್ಪಲಿ ಹಾಕಬೇಕು, ಬಿಸಿನೀರನ್ನು ಕೈಯಿಂದ ನೋಡದೆ ಕಾಲಿಗೆ ಹಾಕಬಾರದು, ದಿನಾ ರಾತ್ರಿ ಪಾದ ನೋಡಬೇಕು ಅಂದರು.

ಹೊರಡುವ ಮುಂಚೆ ಚೀಟಿಯಲ್ಲಿ ಏನು ಬದಲಾಯಿತು ಅಂತ ಕೇಳಿಕೊಳ್ಳಿ. ಹಳೆಯ ಯಾವ ಮಾತ್ರೆ ನಿಂತಿತು, ಹೊಸದು ಯಾವುದು, ಊಟಕ್ಕೆ ಮುಂಚೆಯೋ ಆಮೇಲೋ. ಮಾತ್ರೆಯ ಒಳಗಿನ ಔಷಧಿಯ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಅಂತ ತಿಳಿದಿದ್ದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ತುಂಬ ಕಡಿಮೆ ದುಡ್ಡಿಗೆ ಸಿಗುತ್ತದೆ. ಹೆಸರಿನ ಕೊನೆಗೆ ಎಸ್‌ಆರ್ ಅಥವಾ ಎಕ್ಸ್‌ಆರ್ ಇದ್ದರೆ ಆ ಮಾತ್ರೆಯನ್ನು ಪುಡಿ ಮಾಡಬೇಡಿ, ಜಗಿಯಲೂ ಬೇಡಿ. ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗಲಿ ಅಂತ ಮಾಡಿರುವುದು. ನುಂಗಲು ದಪ್ಪ ಅಂತ ಅಮ್ಮ ಒಂದು ವರ್ಷ ಕುಟ್ಟಿ ತಿಂದಿದ್ದಳು.

ಮನೆಗೆ ಬಂದು ಹಾಳೆಯನ್ನು ಫೈಲಿಗೆ ಸೇರಿಸುತ್ತೇನೆ. ಕ್ಯಾಲೆಂಡರಿನಲ್ಲಿ ಫೆಬ್ರವರಿಯ ಒಂದು ದಿನಕ್ಕೆ ಗುಂಡು ಸುತ್ತುತ್ತೇನೆ. ಊಟವಾದ ಮೇಲೆ ಅಮ್ಮ ಮಂಚದ ಮೇಲೆ ಕಾಲು ಚಾಚುತ್ತಾಳೆ. ನಾನು ಟಾರ್ಚ್ ಹಿಡಿದು ಬೆರಳ ಸಂದಿ, ಹಿಮ್ಮಡಿ, ಅಂಗಾಲು ನೋಡುತ್ತೇನೆ. ಕೊಬ್ಬರಿ ಎಣ್ಣೆಯನ್ನು ಬೆರಳ ಸಂದಿ ಬಿಟ್ಟು ಉಳಿದ ಕಡೆ ಹಚ್ಚುತ್ತೇನೆ. ಸಂದಿಯಲ್ಲಿ ಪಸೆ ನಿಂತರೆ ಅಲ್ಲೇ ಹುಣ್ಣಾಗುತ್ತದೆ. "ನಿಮ್ಮಪ್ಪಂಗೆ ನಾನು ಹೀಗೇ ಹಚ್ತಿದ್ದೆ, ಕಾಗದ ಹಂಚಿ ಬಂದ ಮೇಲೆ" ಅನ್ನುತ್ತಾಳೆ. ಆಮೇಲೆ ಬಲಗಾಲು.